ಬಂದರಿನಿಂದ ಬೆಂದೂರಿಗೆ

ಮಂಗಳೂರು ಏರುತಗ್ಗಿನ ಊರು. ಬಂದರ್ ತಗ್ಗಿನಲ್ಲಿದೆ, ಬೆಂದೂರು ಗುಡ್ಡೆಯ ಮೇಲೆ. ದಕ್ಕೆಯ ಮೀನಿನ ವಾಸನೆ ಬಿಟ್ಟು ಹೊರಟು, ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನ ಗದ್ದಲ ದಾಟಿ, ಹಂಪನಕಟ್ಟೆಗೆ ಬಂದು, ಅಲ್ಲಿಂದ ಬಲ್ಮಠದ ಏರು ಹತ್ತಿದರೆ ಸ್ವಲ್ಪ ಮುಂದೆ ಬೆಂದೂರು. ಎಲ್ಲ ಸೇರಿ ಮೂರು ಕಿಲೋಮೀಟರಿನ ಆಸುಪಾಸು. ಗಟ್ಟಿ ಕಾಲಿನವರಿಗೆ ಮುಕ್ಕಾಲು ಗಂಟೆಯ ನಡಿಗೆ. ಇಷ್ಟು ಹಾದಿ ಸವೆಸಲು ಈ ಊರಿನ ಹೆಣ್ಣುಮಕ್ಕಳ ವಿದ್ಯೆಗೆ ಮಾತ್ರ ಐವತ್ತೊಂದು ವರ್ಷ ಹಿಡಿಯಿತು. ಸಮುದ್ರ ದಾಟಿದ ಕಾರ್ಮೆಲ್ ಸಭೆಯ ಧರ್ಮಭಗಿನಿಯರು ಮಂಗಳೂರು ತಲುಪಿದ್ದು 1870ರಲ್ಲಿ. ಅವರದೇ ಸಭೆ ಬೆಂದೂರಿನ ಗುಡ್ಡೆಯಲ್ಲಿ ಸೈಂಟ್ ಆಗ್ನೆಸ್ ಕಾಲೇಜನ್ನು ತೆರೆದದ್ದು 1921ರಲ್ಲಿ. ಪಶ್ಚಿಮ ಕರಾವಳಿಯ ಮೊದಲ ಮಹಿಳಾ ಕಾಲೇಜು ಎಂದು ಅದಕ್ಕೆ ಹೆಸರು.

ಈ ಊರಿಗೆ ಬಂದ ಹೊಸತೆಲ್ಲ ಮೊದಲು ಬಂದರಿನ ನೀರನ್ನು ಮುಟ್ಟಿಯೇ ಬರಬೇಕಿತ್ತು. ತುಳುವರಿಗೆ ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ್, ಬ್ಯಾರಿಗಳಿಗೆ ಮೈಕಾಲ, ಕನ್ನಡದಲ್ಲಿ ಮಂಗಳೂರು: ಒಂದೇ ಊರಿಗೆ ನಾಲ್ಕು ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಅರಬ್ ವರ್ತಕರ ಕಾಲದ ನೆನಪನ್ನು ಬಂದರಿನ ಝೀನತ್ ಬಕ್ಷ್ ಜುಮಾ ಮಸೀದಿ ಇಟ್ಟುಕೊಂಡಿದೆ. ಪೋರ್ಚುಗೀಸರು 1568ರಲ್ಲಿ ಕಟ್ಟಿದ ರೊಸಾರಿಯೊ ಇಗರ್ಜಿ ಅಲ್ಲಿಂದ ಬಹಳ ದೂರವಿಲ್ಲ. 1834ರಲ್ಲಿ ಬಾಸೆಲ್ ಮಿಷನ್ನಿನ ಮೂವರು ಇಲ್ಲಿಗೇ ಬಂದರು. ಏಳು ವರ್ಷದಲ್ಲಿ ಅಚ್ಚುಕೂಟ, 1843ರಲ್ಲಿ ಹೆರ್ಮನ್ ಮೊಗ್ಲಿಂಗನ ‘ಮಂಗಳೂರ ಸಮಾಚಾರ’, 1865ರಲ್ಲಿ ಹಂಚಿನ ಕಾರ್ಖಾನೆ. ಹಂಚು ಇಲ್ಲಿಂದ ಹೊರಕ್ಕೆ ಹೋಯಿತು, ಕಾಫಿ ಹೋಯಿತು, ಅಕ್ಕಿ ಹೋಯಿತು. ದೊಡ್ಡ ಹಡಗುಗಳು ಅಳಿವೆಯ ಹೂಳಿಗೆ ಹೆದರಿ ಹೊರಗಡೆಯೇ ಲಂಗರು ಹಾಕುತ್ತಿದ್ದವು. ಸರಕೂ ಜನವೂ ದೋಣಿಯಲ್ಲಿ ಹತ್ತಿಳಿಯಬೇಕು. ಮಳೆಗಾಲ ಬಂತೆಂದರೆ ಅದೂ ಇಲ್ಲ. ಕಡಲು ಮುಚ್ಚಿದರೆ ಊರೂ ಅರ್ಧ ಮುಚ್ಚಿದ ಹಾಗೆ.

ಇಂಥ ಕಡೆ ಹೆಣ್ಣುಮಕ್ಕಳ ಓದು ಅಂದರೆ ಏನಿತ್ತು? ಬಾಸೆಲ್ ಮಿಷನ್ನಿನವರು ತಮ್ಮ ಸಭೆಗೆ ಸೇರಿದ ಕುಟುಂಬಗಳ ಹೆಣ್ಣುಮಕ್ಕಳಿಗೆ ಓದು, ಬರಹ, ಹೊಲಿಗೆ ಕಲಿಸುತ್ತಿದ್ದರು. ಮೇಲ್ಜಾತಿಯ ಮನೆಗಳಲ್ಲಿ ಅಣ್ಣತಮ್ಮಂದಿರಿಗೆ ಪಾಠ ಹೇಳುವಾಗ ಜಗಲಿಯ ಮೂಲೆಯಲ್ಲಿ ಕೂತು ಕಿವಿಗೆ ಹಾಕಿಕೊಂಡ ಅಕ್ಷರವೇ ಹುಡುಗಿಯರ ಪಾಲು. ಊರಿನ ಉಳಿದ ಹೆಣ್ಣುಮಕ್ಕಳಿಗೆ ಅದೂ ಇಲ್ಲ.

ಆ ಕಾಲಕ್ಕೆ ಬಂದವರು ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು. ಈ ಸಭೆ ಹುಟ್ಟಿದ ಬಗೆಯೇ ಒಂದು ಕತೆ. ಸೋಫಿ ಲೀವ್ಸ್ ಎಂಬ ಇಂಗ್ಲಿಷ್ ಹೆಣ್ಣುಮಗಳು 1823ರಲ್ಲಿ ಹುಟ್ಟಿದ್ದು ಕಾನ್‌ಸ್ಟಾಂಟಿನೋಪಲ್‌ನಲ್ಲಿ. ತಂದೆ ಆಂಗ್ಲಿಕನ್ ಪಾದ್ರಿ. ಆಕೆ ಮಾಲ್ಟಾದಲ್ಲಿ ಕ್ಯಾಥೊಲಿಕ್ ಮತಕ್ಕೆ ಬಂದರು, ಸನ್ಯಾಸ ತೆಗೆದುಕೊಂಡು ವೆರೋನಿಕಾ ಆದರು, 1860ರ ದಶಕದಲ್ಲಿ ಕಲ್ಲಿಕೋಟೆಗೆ ಬಂದು ಕಾನ್ವೆಂಟಿನಲ್ಲಿ ದುಡಿದರು. ಈ ಕರಾವಳಿಯ ಹುಡುಗಿಯರಿಗೆ ಕಲಿಸಲು ಬೇರೆಯೇ ಒಂದು ಸಭೆ ಬೇಕೆಂಬ ಹಟ ಅವರಿಗೆ ಹಿಡಿಯಿತು. ಕಾರ್ಮೆಲ್ ಎಂದರೆ ಅದುವರೆಗೆ ಗೋಡೆಯ ಒಳಗೆ ಮೌನದಲ್ಲಿ ಇರುವ ವ್ರತ. ಮೌನ ಹಿಡಿದವರು ಪಾಠ ಮಾಡುವುದು ಹೇಗೆ? ಆ ಎರಡನ್ನೂ ಹೊಂದಿಸಿ 1868ರಲ್ಲಿ ಫ್ರಾನ್ಸಿನ ಬಯೋನ್‌ನಲ್ಲಿ ಹೊಸ ಸಭೆ ಶುರುವಾಯಿತು. ಅವರಿಗೆ ಬೆನ್ನಾಗಿ ನಿಂತವರು ಮುಂದೆ ಮಂಗಳೂರಿನ ಬಿಷಪ್ ಆದ ಮರೀ ಎಫ್ರೆಮ್.

1870ರ ನವೆಂಬರ್ 19ರಂದು ಮೂವರು ಭಗಿನಿಯರು ಮಂಗಳೂರಿನಲ್ಲಿದ್ದರು. ಮದರ್ ಮರೀ ದೆಸ್ ಆಂಜ್ ಅವರ ಮುಖ್ಯಸ್ಥೆ. ಸೂಯೆಜ್ ಕಾಲುವೆ ತೆರೆದು ಆಗಷ್ಟೇ ಒಂದು ವರ್ಷ. ಪ್ರಯಾಣ ಮೊದಲಿಗಿಂತ ಗಿಡ್ಡವಾಗಿತ್ತು, ಸುಲಭವೇನೂ ಆಗಿರಲಿಲ್ಲ. ಅದೇ ವರ್ಷ ಮಂಗಳೂರಿಗೆ ಹೊರಟಿದ್ದ, ಮೌನವ್ರತದ ಕಾರ್ಮೆಲ್ ಮಠದ ತಂಡದಲ್ಲಿ ಕೆಲವರು ದಾರಿಯಲ್ಲೇ ತೀರಿಕೊಂಡರು. ಬದುಕಿ ಬಂದವರಲ್ಲಿ ಪ್ಯಾಲೆಸ್ತೀನಿನ ಮರಿಯಮ್ ಬವಾರ್ದಿ ಎಂಬ ಎಳೆಯ ಹೆಣ್ಣುಮಗಳೂ ಇದ್ದಳು. ಮಂಗಳೂರಿನಲ್ಲೇ 1871ರಲ್ಲಿ ಆಕೆ ವ್ರತ ಸ್ವೀಕರಿಸಿದ್ದು. 2015ರಲ್ಲಿ ರೋಮ್ ಆಕೆಯನ್ನು ಸಂತಳೆಂದು ಸಾರಿತು. ಬಂದರಿನ ಆಸುಪಾಸಿನಲ್ಲಿ ಓಡಾಡುವವರಿಗೆ ಈ ಸಂಗತಿ ಅಷ್ಟಾಗಿ ಗೊತ್ತಿಲ್ಲ.

ಕಲಿಸಲು ಬಂದ ಮೂವರು ನೆಲೆ ನಿಂತದ್ದು ತಗ್ಗಿನ ಊರಿನಲ್ಲಿ, ರೊಸಾರಿಯೊ ಇಗರ್ಜಿಗೆ ದೂರವಲ್ಲದ ಜಾಗದಲ್ಲಿ. ಅದೇ ಸೈಂಟ್ ಆ್ಯನ್ಸ್ ಕಾನ್ವೆಂಟು. ಶಾಲೆ ಬೆಳೆಯಿತು. ಬಿಷಪ್ ಎಫ್ರೆಮ್ 1873ರಲ್ಲೇ ತೀರಿಕೊಂಡರು. ವೆರೋನಿಕಾ ಫ್ರಾನ್ಸಿನಲ್ಲೇ ಉಳಿದು 1906ರಲ್ಲಿ ಪೋ ಪಟ್ಟಣದಲ್ಲಿ ಕಣ್ಣುಮುಚ್ಚಿದರು. ನೆಟ್ಟವರು ಇಬ್ಬರೂ ಪಕ್ಕದಲ್ಲಿಲ್ಲದೆ ಈ ಗಿಡ ಬೇರುಬಿಟ್ಟಿತು. ಅದಕ್ಕೆ ನೀರೆರೆದವರು ಸ್ಥಳೀಯ ಕೊಂಕಣಿ ಮನೆಗಳಿಂದ ಬಂದು ಸಭೆ ಸೇರಿದ ಹೆಣ್ಣುಮಕ್ಕಳು. ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ‘ಮಗಳು ಮಾದ್ರ್ ಆದಳು’ ಎನ್ನುವುದು ಹೆಮ್ಮೆಯ ಮಾತು, ಒಳಗೊಳಗೇ ಸಣ್ಣ ಸಂಕಟದ ಮಾತು ಕೂಡ. ಆ ಕಾಲದಲ್ಲಿ ಮದುವೆ, ಮಕ್ಕಳು, ಒಲೆ ಈ ಮೂರನ್ನೂ ಬಿಟ್ಟು ಒಬ್ಬ ಹೆಣ್ಣು ಓದಿ, ಓದಿಸಿ, ಒಂದು ಸಂಸ್ಥೆಯನ್ನು ನಡೆಸಬಹುದಾದ ದಾರಿ ಅದೊಂದೇ ಇತ್ತು ಎಂಬುದನ್ನು ಮರೆಯಬಾರದು.

ಗಂಡುಮಕ್ಕಳ ಪಾಡು ಬೇರೆ. ಸರಕಾರಿ ಕಾಲೇಜು 1860ರ ದಶಕದ ಕೊನೆಗೇ ಬಂದಿತ್ತು. 1878ರ ಕೊನೆಯಲ್ಲಿ ಬಂದ ಇಟಲಿಯ ಜೆಸ್ಯುಯಿಟ್ ಪಾದ್ರಿಗಳು 1880ರಲ್ಲಿ ಸೈಂಟ್ ಅಲೋಶಿಯಸ್ ಕಾಲೇಜು ತೆರೆದು, ಬಾವುಟಗುಡ್ಡೆಯ ಮೇಲೆ ಅದನ್ನು ಎದ್ದುನಿಲ್ಲಿಸಿದರು. ಹಡಗುಗಳಿಗೆ ದಾರಿ ತೋರುತ್ತಿದ್ದ ಗುಡ್ಡೆ ಅದು. 1837ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಕಲ್ಯಾಣಪ್ಪನ ದಂಡು ಬಾವುಟ ಹಾರಿಸಿದ್ದೂ ಅಲ್ಲೇ. ಅಲ್ಲಿನ ಪ್ರಾರ್ಥನಾ ಮಂದಿರದ ಗೋಡೆ, ಮಾಡಿನ ತುಂಬ ಕಲಾವಿದ ಮೊಸ್ಕೆನಿ ಚಿತ್ರ ಬರೆದು ಮುಗಿಸಿದ್ದು 1901ರಲ್ಲಿ. ಅಣ್ಣ ಕಾಲೇಜಿಗೆ ಹೋಗುತ್ತಿದ್ದ, ತಂಗಿ ಶಾಲೆ ಮುಗಿಸಿ ಮನೆಯಲ್ಲಿ ಕೂರುತ್ತಿದ್ದಳು. ಇಗರ್ಜಿಗೆ ಹೋಗುವ ದಿನ ಅವಳೂ ಆ ಚಿತ್ರಗಳನ್ನು ನೋಡಬಹುದಿತ್ತು, ಅಷ್ಟೆ.

ತಂಗಿಯ ಪ್ರಶ್ನೆಯನ್ನು ಕಾನ್ವೆಂಟಿನವರು ಮಾತ್ರ ಕೇಳಿದ್ದಲ್ಲ. 1891ರಲ್ಲಿ ಕೆನರಾ ಹೈಸ್ಕೂಲು ಕಟ್ಟಿದ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ ಮೂರು ವರ್ಷದ ಮೇಲೆ ಹುಡುಗಿಯರಿಗಾಗಿ ಕೆನರಾ ಗರ್ಲ್ಸ್ ಸ್ಕೂಲು ತೆರೆದರು. ಅವರೇ 1906ರಲ್ಲಿ ಕೆನರಾ ಬ್ಯಾಂಕಿನ ಮೂಲವಾದ ನಿಧಿಯನ್ನೂ ಕಟ್ಟಿದವರು. ಬ್ಯಾಂಕಿಗಿಂತ ಹನ್ನೆರಡು ವರ್ಷ ಮೊದಲೇ ಹುಡುಗಿಯರ ಶಾಲೆ ಬಂದಿತ್ತು ಎಂಬುದು ಅವರ ಲೆಕ್ಕಾಚಾರದ ಬಗ್ಗೆ ಏನನ್ನೋ ಹೇಳುತ್ತದೆ. 1899ರಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಿಂದ ಹೊರಬಂತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನ್ನುವ ಆ ಪುಸ್ತಕದ ನಾಯಕಿ ಎಳೆ ವಯಸ್ಸಿನ ವಿಧವೆ. ಮನೆ ಬಿಟ್ಟು, ಓದಿ, ಮರುಮದುವೆಯಾಗುತ್ತಾಳೆ. ಬರೆದವರು ಪೊಲೀಸ್ ಇಲಾಖೆಯ ಅಧಿಕಾರಿ. ಕಾದಂಬರಿಯಲ್ಲಿ ಆಗಿಹೋದದ್ದು ಊರಿನಲ್ಲಿ ಆಗಲು ಇನ್ನಷ್ಟು ಕಾಲ ಬೇಕಿತ್ತು.

ಡಿಗ್ರಿ ಬೇಕೆಂಬ ಹುಡುಗಿ ಮದರಾಸಿಗೆ ಹೋಗಬೇಕು. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತದ ಜಿಲ್ಲೆ, ವಿಶ್ವವಿದ್ಯಾಲಯವೂ ಮದರಾಸಿನದೇ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದಕ್ಕೆ ಮೊದಲು ಬಂದರಿನಲ್ಲಿ ದೋಣಿ ಹತ್ತಿ, ಹೊರಗೆ ನಿಂತ ಹಡಗು ಸೇರಿ, ಬೇಪೂರು ಕಡೆ ಇಳಿದು ರೈಲು ಹಿಡಿಯಬೇಕಿತ್ತು. ರೈಲು ಬಂದ ಮೇಲೂ ಹದಿನಾರರ ಮಗಳನ್ನು ಈ ಕಡಲಿನಿಂದ ಆ ಕಡಲಿಗೆ ಕಳಿಸುವ ತಂದೆತಾಯಿ ಎಷ್ಟು ಮಂದಿ?

ಕೆಲವರು ಇದ್ದರು. ದಲಿತ ಮಕ್ಕಳಿಗೆ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ಅದಕ್ಕಾಗಿ ಸ್ವಜಾತಿಯವರಿಂದ ಬಹಿಷ್ಕಾರ ಉಂಡ ಕುದ್ಮುಲ್ ರಂಗರಾಯರ ಮಗಳು ರಾಧಾಬಾಯಿ ಮಂಗಳೂರಿನಲ್ಲಿ ಶಾಲೆ ಓದಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದರು, ಅಲ್ಲಿಂದ ಆಕ್ಸ್‌ಫರ್ಡಿನ ಸೋಮರ್ವಿಲ್ ಕಾಲೇಜಿಗೆ. ಮುಂದೆ ಮದರಾಸು ಪ್ರಾಂತದ ಮುಖ್ಯಮಂತ್ರಿಯಾದ ಪಿ. ಸುಬ್ಬರಾಯನ್ ಅವರನ್ನು ಮದುವೆಯಾಗಿ ರಾಧಾಬಾಯಿ ಸುಬ್ಬರಾಯನ್ ಆದರು. 1930ರ ದುಂಡುಮೇಜಿನ ಪರಿಷತ್ತಿನಲ್ಲಿ ಕೂತ ಇಬ್ಬರು ಭಾರತೀಯ ಮಹಿಳೆಯರಲ್ಲಿ ಅವರೊಬ್ಬರು. 1938ರಲ್ಲಿ ಕೌನ್ಸಿಲ್ ಆಫ್ ಸ್ಟೇಟ್ ಪ್ರವೇಶಿಸಿದ ಮೊದಲ ಮಹಿಳೆ. 1903ರಲ್ಲಿ ಮಂಗಳೂರಿನಲ್ಲೇ ಹುಟ್ಟಿದ ಕಮಲಾದೇವಿಯೂ ಓದಲು ಹೋದದ್ದು ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ. ಅಲ್ಲಿ ಸುಹಾಸಿನಿ ಚಟ್ಟೋಪಾಧ್ಯಾಯರ ಪರಿಚಯವಾಗಿ, ಅವರ ಅಣ್ಣ ಹರೀಂದ್ರನಾಥರನ್ನು ಮದುವೆಯಾದರು. ಎಳೆಯ ವಿಧವೆಯ ಆ ಮರುಮದುವೆ ಗುಲ್ವಾಡಿಯವರ ಕಾದಂಬರಿಯ ಪುಟವೊಂದು ಎದ್ದು ನಡೆದುಬಂದ ಹಾಗಿತ್ತು. ಇಂಥವರ ಹೆಸರನ್ನು ಊರು ಈಗ ಅಭಿಮಾನದಿಂದ ಹೇಳಿಕೊಳ್ಳುತ್ತದೆ. ಆದರೆ ಇಬ್ಬರೂ ಊರು ಬಿಟ್ಟು ಹೋಗಿಯೇ ಓದಬೇಕಾಯಿತು. ರಂಗರಾಯರಂಥ ತಂದೆ ಇಲ್ಲದ ಹುಡುಗಿಗೆ ಆ ದಾರಿ ಇರಲೇ ಇಲ್ಲ.

ಬೇರೆ ಊರುಗಳಲ್ಲಿ ಗಾಳಿ ಎದ್ದಿತ್ತು. ಮೈಸೂರಿನ ಮಹಾರಾಣಿ ಶಾಲೆ ಹೊಸ ಶತಮಾನದ ಆರಂಭಕ್ಕೇ ಕಾಲೇಜಿನ ಮಟ್ಟಕ್ಕೆ ಏರಿತ್ತು. ಮದರಾಸಿನಲ್ಲಿ 1914ರಲ್ಲಿ ಸರಕಾರದ್ದೇ ಮಹಿಳಾ ಕಾಲೇಜು (ಅದೇ ಮುಂದಿನ ಕ್ವೀನ್ ಮೇರೀಸ್), ಮರುವರ್ಷ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜು. 1916ರಲ್ಲಿ ಪುಣೆಯಲ್ಲಿ ಕರ್ವೆಯವರ ಮಹಿಳಾ ವಿಶ್ವವಿದ್ಯಾಲಯ. ಮಂಗಳೂರಿನಲ್ಲಿ ಥಿಯಾಸಫಿಯವರು ಶಾಲೆ ತೆರೆದರು. ಐರ್ಲೆಂಡಿನ ಮತದಾನ ಹೋರಾಟಗಾರ್ತಿ ಮಾರ್ಗರೆಟ್ ಕಸಿನ್ಸ್ 1919–20ರಲ್ಲಿ ಇಲ್ಲಿನ ನ್ಯಾಷನಲ್ ಗರ್ಲ್ಸ್ ಸ್ಕೂಲಿನ ಮುಖ್ಯಸ್ಥೆಯಾಗಿದ್ದರು. ಕಾರ್ನಾಡು ಸದಾಶಿವರಾಯರು, ಪತ್ನಿ ಶಾಂತಾಬಾಯಿ ಇಬ್ಬರೂ ಮಹಿಳಾ ಸಭೆಯನ್ನು ಕಟ್ಟಿ ವಿಧವೆಯರಿಗೆ ಕಸುಬು ಕಲಿಸಲು ಹೊರಟಿದ್ದರು. 1920ರ ಆಗಸ್ಟ್ 19ರಂದು ಗಾಂಧೀಜಿ ಮೊದಲ ಬಾರಿ ಮಂಗಳೂರಿಗೆ ಬಂದರು, ಜೊತೆಗೆ ಶೌಕತ್ ಅಲಿ. ಸರಕಾರದ ಶಾಲೆ ಕಾಲೇಜು ಬಿಟ್ಟು ಬನ್ನಿ ಎಂಬ ಅಸಹಕಾರದ ಕೂಗು ದೇಶದಲ್ಲೆಲ್ಲ ಎದ್ದ ಕಾಲ ಅದು.

ಅದರ ಮರುವರ್ಷವೇ ಮಂಗಳೂರಿನಲ್ಲಿ ಹುಡುಗಿಯರು ಕಾಲೇಜು ಸೇರಲು ಹೊರಟರು. ಬಿಡಬೇಕಾದ ಕಾಲೇಜೇ ಅವರಿಗೆ ಇನ್ನೂ ಸಿಕ್ಕಿರಲಿಲ್ಲವಲ್ಲ!

ಸೈಂಟ್ ಆಗ್ನೆಸ್ ಕಾಲೇಜನ್ನು ಕಟ್ಟಿದವರು ಮದರ್ ಅಲೋಶಿಯಾ. ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಹಿರಿಯರು. ಮದರಾಸು ವಿಶ್ವವಿದ್ಯಾಲಯದ ಮಾನ್ಯತೆ ಪಡೆಯಬೇಕಾದರೆ ಕಟ್ಟಡ, ಪುಸ್ತಕ, ಪದವಿ ಪಡೆದ ಅಧ್ಯಾಪಕಿಯರು ಎಲ್ಲವೂ ಬೇಕು. ಗಂಡಸರ ಕಾಲೇಜಿಗೇ ಅಧ್ಯಾಪಕರು ಸಿಗದ ದಿನಗಳಲ್ಲಿ ಪದವಿ ಪಡೆದ ಹೆಂಗಸರನ್ನು ಎಲ್ಲಿಂದ ತರುವುದು? ಕಾನ್ವೆಂಟಿನ ಜಾಣ್ಮೆ ಇರುವುದು ಇಲ್ಲೇ. ಐವತ್ತು ವರ್ಷ ಶಾಲೆ ನಡೆಸಿದ ಸಭೆಯ ಕೈಯಲ್ಲಿ ಓದಿದ ಹೆಂಗಸರ ಒಂದು ಪಡೆಯೇ ಇತ್ತು. ಸಂಬಳದ ಹಂಗಿಲ್ಲ, ವರ್ಗವಾದರೆ ಗಂಡನ ಅಪ್ಪಣೆ ಕೇಳಬೇಕಿಲ್ಲ. ಇದನ್ನು ತ್ಯಾಗ ಎಂದು ಹೊಗಳುವುದು ರೂಢಿ. ಅದರ ಜೊತೆಗೆ ಒಂದು ಆಡಳಿತದ ಲೆಕ್ಕವೂ ಇತ್ತು ಎಂದರೆ ಆ ಹೆಂಗಸರ ಬುದ್ಧಿಗೆ ಇನ್ನಷ್ಟು ಗೌರವ ಕೊಟ್ಟ ಹಾಗೆ.

ಕಾಲೇಜಿಗಿಟ್ಟ ಹೆಸರಿನಲ್ಲೂ ಒಂದು ಸ್ವಾರಸ್ಯವಿದೆ. ಆಗ್ನೆಸ್ ನಾಲ್ಕನೆಯ ಶತಮಾನದ ಆದಿಯಲ್ಲಿ ರೋಮಿನಲ್ಲಿ ಹುತಾತ್ಮಳಾದ ಹುಡುಗಿ ಎಂದು ಪರಂಪರೆ ಹೇಳುತ್ತದೆ. ಸಾಯುವಾಗ ಹನ್ನೆರಡೋ ಹದಿಮೂರೋ ವಯಸ್ಸು. ಬಂದ ವರಗಳನ್ನೆಲ್ಲ ಒಲ್ಲೆ ಎಂದದ್ದೇ ಅವಳ ಅಪರಾಧ. 1921ರ ಮಂಗಳೂರಿನಲ್ಲಿ ಹನ್ನೆರಡು ಹದಿಮೂರು ಎಂದರೆ ಎಷ್ಟೋ ಮನೆಗಳಲ್ಲಿ ಮದುವೆಯ ವಯಸ್ಸು. ಹುಡುಗಿಯರಿಗೆ ಹದಿನಾಲ್ಕಾದರೂ ಆಗಿರಲಿ ಎಂಬ ಶಾರದಾ ಕಾಯಿದೆ ಬರಲು ಇನ್ನೂ ಎಂಟು ವರ್ಷವಿತ್ತು. ಮದುವೆ ಬೇಡವೆಂದ ಹುಡುಗಿಯ ಹೆಸರು ಹೊತ್ತ ಕಾಲೇಜಿಗೆ ಮದುವೆ ಮುಂದೂಡಿದ ಹುಡುಗಿಯರು ಬಂದು ಕೂತರು. ಹೆಸರಿಟ್ಟವರು ಇಷ್ಟೆಲ್ಲ ಯೋಚಿಸಿದ್ದರೆಂದು ಹೇಳಲಾಗದು. ಆದರೂ ಹೆಸರು ತನ್ನ ಕೆಲಸ ಮಾಡಿತು.

ಆ ವರ್ಷಕ್ಕೆ ಇನ್ನೂ ಒಂದು ಗುರುತಿದೆ. 1921ರಲ್ಲೇ ಮದರಾಸು ಶಾಸನಸಭೆ ಮಹಿಳೆಯರಿಗೆ ಮತದ ಹಕ್ಕು ಕೊಟ್ಟಿತು, ದೇಶದ ಪ್ರಾಂತಗಳಲ್ಲೇ ಮೊದಲಿಗೆ. ಆಸ್ತಿ ತೆರಿಗೆಯ ಅರ್ಹತೆ ಇದ್ದವರಿಗೆ ಮಾತ್ರ. ತುಳುನಾಡಿನ ಮಟ್ಟಿಗೆ ಅದಕ್ಕೊಂದು ವಿಶೇಷ ಅರ್ಥವಿತ್ತು. ಬಂಟರು, ಬಿಲ್ಲವರು ಮೊದಲಾದವರ ಅಳಿಯಸಂತಾನ ಕಟ್ಟಿನಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು. ಹೆಣ್ಣಿಗೆ ನೆಲೆ ಇತ್ತು, ಮನೆ ಇತ್ತು. ಯಜಮಾನಿಕೆ ಮಾತ್ರ ಸಾಮಾನ್ಯವಾಗಿ ಸೋದರಮಾವನದು. ಗುತ್ತಿನ ಮನೆಯ ಒಡತಿಯ ಹೆಸರಿನಲ್ಲಿ ಗದ್ದೆ ಇರಬಹುದು, ಕಾಗದಕ್ಕೆ ಹೆಬ್ಬೆಟ್ಟು ಒತ್ತುವಾಗ ಅದರಲ್ಲಿ ಬರೆದದ್ದೇನೆಂದು ಆಕೆಗೆ ಓದಲು ಬಾರದು. 1921ರ ಜನಗಣತಿಯ ಪ್ರಕಾರ ಇಡೀ ಭಾರತದಲ್ಲಿ ಅಕ್ಷರ ಬಲ್ಲ ಹೆಂಗಸರು ನೂರಕ್ಕೆ ಇಬ್ಬರೂ ಇರಲಿಲ್ಲ.

ಕಾಲೇಜಿಗೆ ಗುಡ್ಡೆಯನ್ನೇ ಆರಿಸಿದ್ದು ಯಾಕೆ? ಮಂಗಳೂರಿನಲ್ಲಿ ಕಟ್ಟಿದ ದೊಡ್ಡ ಸಂಸ್ಥೆಗಳೆಲ್ಲ ಗುಡ್ಡೆ ಹುಡುಕಿಕೊಂಡು ಹೋದವುಗಳೇ: ಬಾಸೆಲ್ ಮಿಷನ್ ಬಲ್ಮಠಕ್ಕೆ, ಜೆಸ್ಯುಯಿಟರು ಬಾವುಟಗುಡ್ಡೆಗೆ, 1880ರಲ್ಲಿ ಶುರುವಾದ ಫಾದರ್ ಮುಲ್ಲರ್ ಅವರ ಔಷಧಾಲಯ ಕಂಕನಾಡಿಗೆ. ತಗ್ಗಿನಲ್ಲಿ ಮಂಡಿ, ಗೋದಾಮು, ಉಪ್ಪುನೀರಿನ ಬಾವಿ, ಸಾಂಕ್ರಾಮಿಕ ರೋಗದ ಭಯ. ಮೇಲೆ ಗಾಳಿ, ಅಗ್ಗದ ಜಾಗ, ಮುರಕಲ್ಲು. ಬೇಕಾದಷ್ಟು ಕಲ್ಲನ್ನು ಕಾಲಡಿಯಲ್ಲೇ ಕಡಿದು ತೆಗೆಯಬಹುದು. ಮೇಲೆ ಹೊದಿಸಲು ಮಂಗಳೂರು ಹಂಚು ಇದ್ದೇ ಇದೆ. ಮದರಾಸು, ಮುಂಬಯಿಯ ಕಾಲೇಜುಗಳ ಕಮಾನು ಗೋಪುರಗಳ ಠೀವಿಯನ್ನು ನೋಡಿದವರಿಗೆ ಕರಾವಳಿಯ ಈ ಕಟ್ಟಡಗಳು ಸಾದಾ ಕಾಣುತ್ತವೆ. ಇಲ್ಲಿ ಕಟ್ಟಡ ಮೊದಲು ಮಳೆಗೆ ಉತ್ತರ ಹೇಳಬೇಕು. ಮೇ ಕಳೆದ ಮೇಲೆ ನಾಲ್ಕು ತಿಂಗಳು ಅದರ ಪರೀಕ್ಷೆ. ಇಳಿಜಾರು ಮಾಡು, ಉದ್ದನೆಯ ಜಗಲಿ, ಇರಚಲು ಹೊಡೆಯದಷ್ಟು ಆಳದ ಕಿಟಕಿ ಇದ್ದರೆ ಪಾಠ ನಡೆದೀತು.

ಇನ್ನು ಪಾಗಾರ. ಕಾನ್ವೆಂಟಿನ ಪಾಗಾರದ ಬಗ್ಗೆ ಮಂಗಳೂರಿನಲ್ಲಿ ತಮಾಷೆ ಮಾಡದ ಗಂಡುಹುಡುಗರ ತಲೆಮಾರೇ ಇಲ್ಲ. ಎತ್ತರದ ಗೋಡೆ, ಗೇಟು, ಗೇಟಿನ ಆಚೆಗೆ ಬರಲು ಹೊತ್ತುಗೊತ್ತು, ಹಾಸ್ಟೆಲಿನಲ್ಲಿ ಪತ್ರಕ್ಕೂ ಭೇಟಿಗೂ ಲೆಕ್ಕ. ಈಗಿನ ಕಣ್ಣಿಗೆ ಇದೆಲ್ಲ ಬಂಧನ. ಆಗಿನ ತಂದೆತಾಯಿಯ ಕಣ್ಣಿಗೆ ಅದೇ ಧೈರ್ಯ. ಪುತ್ತೂರು, ಕಾರ್ಕಳ, ಕಾಸರಗೋಡಿನ ಕಡೆಯ ಮನೆಯವರು ಮಗಳ ಟ್ರಂಕನ್ನು ಆ ಗೇಟಿನ ಒಳಗೆ ಇಳಿಸಿ ನಿಶ್ಚಿಂತೆಯಿಂದ ಮರಳಿದ್ದು ಎರಡನೆಯ ಮಾತಿಲ್ಲದ ಆ ಶಿಸ್ತನ್ನು ನಂಬಿ. ಕ್ರೈಸ್ತರಲ್ಲದ ಮನೆಗಳಿಗೆ ಮತದ ಅಳುಕು ಇದ್ದೇ ಇತ್ತು. ಬಾಸೆಲ್ ಮಿಷನ್ನಿನ ಶಾಲೆಗಳ ಕಾಲದಿಂದಲೂ ಕರಾವಳಿಯ ಮೇಲ್ಜಾತಿಗಳಿಗೆ ಅಂಟಿಕೊಂಡ ಅಳುಕು ಅದು. ಪಾಗಾರ ಆ ಅಳುಕಿಗಿಂತ ದೊಡ್ಡದಾಯಿತು. ಗಂಡುಮಕ್ಕಳಿಲ್ಲ, ಗಂಡು ಅಧ್ಯಾಪಕರು ಕಡಿಮೆ ಎಂಬುದು ಮನೆಯ ಅಜ್ಜಿಯ ಬಾಯಿ ಮುಚ್ಚಿಸಲು ಸಾಕಾಗಿತ್ತು. ಒಳಗೆ ಹೋದ ಮೇಲೆ ಅದೇ ಗೋಡೆಯ ಮರೆಯಲ್ಲಿ ಹುಡುಗಿಯರು ನಾಟಕದಲ್ಲಿ ಗಂಡುವೇಷ ಹಾಕಿದರು, ಚರ್ಚಾಕೂಟದಲ್ಲಿ ದನಿ ಏರಿಸಿದರು, ಚೆಂಡಿನ ಹಿಂದೆ ಓಡಿದರು. ಯಾರಾದರೂ ನೋಡಿಯಾರು ಎಂಬ ಹೆದರಿಕೆಯಿಲ್ಲದೆ ಹದಿನೇಳರ ಹುಡುಗಿ ಓಡಬಹುದಾದ ಬಯಲು ಊರಿನಲ್ಲಿ ಬೇರೆಲ್ಲಿತ್ತು?

ಓದುತ್ತಿದ್ದದ್ದು ಏನು? ಮದರಾಸಿನ ಕಟ್ಟಳೆಯಂತೆ ಮೊದಲು ಎರಡು ವರ್ಷದ ಇಂಟರ್‌ಮೀಡಿಯೆಟ್, ಆಮೇಲೆ ಎರಡು ವರ್ಷದ ಬಿ.ಎ. ಇಂಗ್ಲಿಷ್ ಎಲ್ಲರಿಗೂ ಕಡ್ಡಾಯ, ಒಂದು ಎರಡನೆಯ ಭಾಷೆ, ಮತ್ತೆ ಐಚ್ಛಿಕ ವಿಷಯ. ಮನೆಯಲ್ಲಿ ಕೊಂಕಣಿಯೋ ತುಳುವೋ ಬ್ಯಾರಿಯೋ ಆಡುವ, ಬೀದಿಯಲ್ಲಿ ತುಳು ಮಾತಾಡುವ, ಶಾಲೆಯಲ್ಲಿ ಕನ್ನಡ ಬರೆಯುವ ಹುಡುಗಿಗೆ ಶೇಕ್ಸ್‌ಪಿಯರ್ ನಾಲ್ಕನೆಯ ಭಾಷೆ. ಆರ್ಟ್ಸ್ ಓದಿ ಏನು ಸಿಗುತ್ತದೆ ಎಂಬ ಪ್ರಶ್ನೆ ಈಗ ಕೇಳುವಷ್ಟು ಜೋರಾಗಿ ಆಗ ಕೇಳಿರಲಿಲ್ಲ. ಹುಡುಗಿಯ ಓದಿನಿಂದ ಸಂಬಳವನ್ನು ಯಾರೂ ನಿರೀಕ್ಷಿಸಿರಲಿಲ್ಲ ಎಂಬುದೇ ಕಾರಣ. ಅದರಿಂದ ಒಂದು ಲಾಭವೂ ಆಯಿತು. ಚರಿತ್ರೆ, ಅರ್ಥಶಾಸ್ತ್ರ, ಸಾಹಿತ್ಯ ಇವನ್ನು ಕೆಲಸದ ಅವಸರವಿಲ್ಲದೆ ಓದಿದ ಹೆಂಗಸರು ಈ ಜಿಲ್ಲೆಯಲ್ಲಿ ತಲೆಮಾರು ತಲೆಮಾರಾಗಿ ಬೆಳೆದರು.

ಸಂಬಳ ಬಂದೇ ಬಂತು. ಹೆಚ್ಚಿನವರಿಗೆ ಮೇಷ್ಟರಿಕೆಯಿಂದ. 1943ರಲ್ಲಿ ಅದೇ ಸಭೆ ತಗ್ಗಿನ ಸೈಂಟ್ ಆ್ಯನ್ಸ್‌ನಲ್ಲಿ ಅಧ್ಯಾಪಕಿಯರ ತರಬೇತಿ ಕಾಲೇಜು ತೆರೆದ ಬಳಿಕ ಒಂದು ಚಕ್ರ ಪೂರ್ತಿಯಾಯಿತು: ಕೆಳಗೆ ಶಾಲೆ ಓದಿ, ಮೇಲೆ ಹೋಗಿ ಡಿಗ್ರಿ ಪಡೆದು, ಮತ್ತೆ ಕೆಳಗೆ ಇಳಿದು ಬಿ.ಟಿ. ಮುಗಿಸಿ, ಜಿಲ್ಲೆಯ ಯಾವುದೋ ಹೈಸ್ಕೂಲಿನಲ್ಲಿ ಟೀಚರಮ್ಮನಾಗುವುದು. ಬಿಳಿ ಸೀರೆ, ಕಪ್ಪು ಕೊಡೆ, ಕೈಯಲ್ಲಿ ಉತ್ತರಪತ್ರಿಕೆಯ ಕಟ್ಟು ಹಿಡಿದ ಆ ಟೀಚರಮ್ಮ ಕರಾವಳಿಯ ಎಷ್ಟೋ ಹಳ್ಳಿಗಳಲ್ಲಿ ಜನ ಕಂಡ ಮೊದಲ ಸಂಬಳದ ಹೆಂಗಸು.

ಮಂಗಳೂರಿನಲ್ಲಿ ಕಲಿತ ಪಾಠವನ್ನು ಸಭೆ ಹೊರಗೂ ಒಯ್ದಿತು. 1940ರಲ್ಲಿ ಪಾಟ್ನಾದ ಬಿಷಪ್ ಸಲ್ಲಿವನ್ ಜೊತೆ ಸೇರಿ ಮದರ್ ಜೋಸೆಫಿನ್ ಪಾಟ್ನಾ ವಿಮೆನ್ಸ್ ಕಾಲೇಜು ಶುರುಮಾಡಿದರು, ಬಿಹಾರದ ಮೊದಲ ಮಹಿಳಾ ಕಾಲೇಜು. 1952ರಲ್ಲಿ ಕಲ್ಲಿಕೋಟೆಯಲ್ಲಿ ಪ್ರಾವಿಡೆನ್ಸ್, 1964ರಲ್ಲಿ ಗೋವೆಯ ನುವೆಮ್‌ನಲ್ಲಿ ಕಾರ್ಮೆಲ್ ಕಾಲೇಜು. ವೆರೋನಿಕಾ ಕನಸು ಕಂಡ ಕಲ್ಲಿಕೋಟೆಗೆ ಕಾಲೇಜು ಹೋದದ್ದು ಮಂಗಳೂರಿಗೆ ಬಂದು ಮೂವತ್ತು ವರ್ಷದ ಮೇಲೆ.

ಈ ಕತೆಯನ್ನು ಇಲ್ಲಿಗೇ ನಿಲ್ಲಿಸಿದರೆ ಚೆಂದವಾಗಿರುತ್ತದೆ, ಪೂರ್ತಿಯಾಗಿರುವುದಿಲ್ಲ. ಬೆಂದೂರಿನ ಏರನ್ನು ಹತ್ತದೆ ಉಳಿದವರೂ ಇದ್ದರು. ಬಂದರಿನ ಆಸುಪಾಸಿನ ಕಾಫಿ ಕಾರ್ಖಾನೆಗಳಲ್ಲಿ ಬೀಜ ಹೆಕ್ಕುತ್ತಿದ್ದ ಹೆಂಗಸರು, ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತವರು, ಆಮೇಲೆ ಗೇರುಬೀಜದ ಕಾರ್ಖಾನೆಯಲ್ಲಿ ಕೈಗೆ ಎಣ್ಣೆ ತಾಗಿಸಿಕೊಂಡವರು, ಮನೆಯ ಜಗಲಿಯಲ್ಲಿ ಬೀಡಿ ಕಟ್ಟಿದವರು. ಮಂಗಳೂರಿನ ವ್ಯಾಪಾರ ನಿಂತದ್ದೇ ಇವರ ಬೆರಳುಗಳ ಮೇಲೆ. ಇವರ ಮಕ್ಕಳಿಗೆ ಕಾಲೇಜು ಬಹುಕಾಲ ಗುಡ್ಡೆಯ ಮೇಲೆ ಕಾಣುವ ಹೆಂಚಿನ ಮಾಡು ಮಾತ್ರ. ರಂಗರಾಯರ ಮಗಳು ಆಕ್ಸ್‌ಫರ್ಡಿಗೆ ಹೋದರು; ರಂಗರಾಯರ ಶಾಲೆಯಲ್ಲಿ ಕಲಿತ ಹುಡುಗಿಯರು ಬೆಂದೂರಿಗೆ ಬರಲು ಇನ್ನೂ ಎರಡು ಮೂರು ತಲೆಮಾರು ಕಾಯಬೇಕಾಯಿತು.

ಬಂದರಿನ ಮುಸ್ಲಿಂ ಮನೆಗಳ ಕತೆಯೂ ನಿಧಾನದ್ದೇ. ಹತ್ತಿರದ ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಹೈಸ್ಕೂಲು ಮುಗಿಸಿದ್ದೇ ಆ ಕಾಲಕ್ಕೆ ಅಪರೂಪದ ಸಂಗತಿ, ಕಾಲೇಜಿನ ಆಸೆ ಆಸೆಯಾಗಿಯೇ ಉಳಿಯಿತು. ಅದೇ ಸಾರಾ ಮುಂದೆ ಮಂಗಳೂರಿನಲ್ಲಿ ನೆಲಸಿ, ‘ಚಂದ್ರಗಿರಿಯ ತೀರದಲ್ಲಿ’ ಬರೆದು, ಮನೆಯೊಳಗಿನ ಹೆಣ್ಣಿನ ಮಾತನ್ನು ಕನ್ನಡಕ್ಕೆ ಕೇಳಿಸಿದರು. 2023ರ ಜನವರಿಯಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಬಂದರ್, ಕುದ್ರೋಳಿ, ಉಳ್ಳಾಲದ ಬ್ಯಾರಿ ಹುಡುಗಿಯರು ಊರಿನ ಎಲ್ಲ ಕಾಲೇಜುಗಳಲ್ಲೂ ತುಂಬಿದ್ದರು.

ಸ್ವಾತಂತ್ರ್ಯ ಬಂದ ಮೇಲೆ ಕಾಲೇಜಿನ ವಿಳಾಸ ಅಲ್ಲೇ ಇತ್ತು, ದೊರೆತನ ಬದಲಾಗುತ್ತ ಹೋಯಿತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಬಳಿಕ ಮದರಾಸು ವಿಶ್ವವಿದ್ಯಾಲಯ ಬಿಟ್ಟು ಮೈಸೂರು. 1980ರಲ್ಲಿ ಕೊಣಾಜೆಯ ಗುಡ್ಡೆಯಲ್ಲಿ ಮಂಗಳೂರು ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಅದರ ಅಡಿಗೆ. ಹೊಸ ಶತಮಾನದಲ್ಲಿ ಸ್ವಾಯತ್ತ ಕಾಲೇಜು. ಇಂಟರ್‌ಮೀಡಿಯೆಟ್ ಹೋಗಿ ಪಿಯುಸಿ ಬಂತು. ವಿಜ್ಞಾನ, ವಾಣಿಜ್ಯ, ಸ್ನಾತಕೋತ್ತರ ವಿಭಾಗಗಳು ಬಂದವು. ಕಾನ್ವೆಂಟು, ಶಾಲೆ, ಪಿಯು ಕಾಲೇಜು, ಡಿಗ್ರಿ ಕಾಲೇಜು, ವಿಶೇಷ ಮಕ್ಕಳ ಶಾಲೆ ಎಲ್ಲ ಒತ್ತೊತ್ತಾಗಿ ಸೇರಿ ಬೆಂದೂರಿನ ಆ ಭಾಗವೇ ಒಂದು ಸಣ್ಣ ಊರಿನಂತೆ ಆಗಿದೆ. ಅತ್ತ ಕೊಡಿಯಾಲಬೈಲಿನಲ್ಲಿ ಬೆಸೆಂಟ್ ಸಂಸ್ಥೆಯ ಮಹಿಳಾ ಕಾಲೇಜೂ ಬಂತು, ಬಲ್ಮಠದಲ್ಲಿ ಸರಕಾರಿ ಮಹಿಳಾ ಕಾಲೇಜೂ ಬಂತು. ಬಾವುಟಗುಡ್ಡೆಯ ಅಲೋಶಿಯಸ್ ಹುಡುಗಿಯರಿಗೆ ಬಾಗಿಲು ತೆರೆಯಿತು. ಹುಡುಗರೂ ಹುಡುಗಿಯರೂ ಒಟ್ಟಿಗೆ ಓದುವ ಕಾಲದಲ್ಲಿ ಹುಡುಗಿಯರದೇ ಕಾಲೇಜು ಯಾಕೆ ಎಂಬ ವಾದ ಈಗ ಊಟದ ಮೇಜಿನಲ್ಲಿ ಎದ್ದರೆ, ಅಜ್ಜಿ ಒಂದು ಹೇಳುತ್ತಾಳೆ, ಮೊಮ್ಮಗಳು ಇನ್ನೊಂದು. ಆ ಇಬ್ಬರೂ ಅಲ್ಲೇ ಓದಿದವರಾಗಿರುವುದು ಮಂಗಳೂರಿನಲ್ಲಿ ಅಪರೂಪವಲ್ಲ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಹೆಂಗಸರಲ್ಲಿ ಅಕ್ಷರಸ್ಥರು ಶೇ. 84.

ಬಂದರ್ ಸಣ್ಣದಾಯಿತು. ಪಣಂಬೂರಿನಲ್ಲಿ 1970ರ ದಶಕದಲ್ಲಿ ಹೊಸ ಬಂದರು ತೆರೆದ ಮೇಲೆ ದೊಡ್ಡ ಹಡಗುಗಳು ಅತ್ತ ಹೋದವು. ಹಳೆಯ ದಕ್ಕೆಯಲ್ಲಿ ಈಗ ಮೀನಿನ ಬೋಟು, ಲಕ್ಷದ್ವೀಪಕ್ಕೆ ಸಿಮೆಂಟು, ಜಲ್ಲಿ, ತರಕಾರಿ ಹೊತ್ತುಹೋಗುವ ಮಂಜಿ. ಜೂನ್ ಬಂದರೆ ಅವೂ ದಡ ಸೇರುತ್ತವೆ. ಅದೇ ಹೊತ್ತಿಗೆ ಕಾಲೇಜುಗಳಲ್ಲಿ ಹೊಸ ವರ್ಷ. ಸ್ಟೇಟ್‌ಬ್ಯಾಂಕಿನಲ್ಲಿ ಸಿಟಿ ಬಸ್ಸಿಗೆ ಹತ್ತಿದ ಹುಡುಗಿಯರ ಕೊಡೆಗಳಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಬುರ್ಖಾ ತೊಟ್ಟವರು, ಯೂನಿಫಾರ್ಮಿನವರು, ಮಲ್ಲಿಗೆ ಮುಡಿದವರು ಒಬ್ಬರ ಮೇಲೊಬ್ಬರು ಒರಗಿ ನಿಂತಿರುತ್ತಾರೆ. ಬಸ್ಸು ಹಂಪನಕಟ್ಟೆ ದಾಟಿ ಏರು ಹತ್ತುವಾಗ ಗೇರು ಬದಲಿಸಿ ಒಮ್ಮೆ ನರಳುತ್ತದೆ. ಬೆಂದೂರು ಹತ್ತಿರವಾದಾಗ ಕಂಡಕ್ಟರು ಸಂತಳ ಪದವಿಯನ್ನೆಲ್ಲ ಬಿಟ್ಟು, ಮನೆಯ ಹುಡುಗಿಯನ್ನು ಕರೆದ ಹಾಗೆ ಬಾಗಿಲಲ್ಲಿ ನಿಂತು ಕೂಗುತ್ತಾನೆ: ಆಗ್ನೆಸ್, ಆಗ್ನೆಸ್, ಯಾರು ಆಗ್ನೆಸ್?